ಅಣೆಕಟ್ಟೂ ಬೇಟೆಮೀನಿನ ಆಹಾರವೂ
(ಘಟಪ್ರಭಾ ತೀರದ ಗ್ರಾಮಗಳಿಗೆ ಒಂದು ಪಾಠ)

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವದೆಂಬ ಮತ್ಸ್ಯನ್ಯಾಯವನ್ನು ರಾಜನೀತಿಯನ್ನು ಬರೆದ ಪ್ರಾಚೀನರು ಅರಾಜಕತೆಗೆ ದೃಷ್ಟಾಂತವಾಗಿ ಹೇಳಿದ್ದಾರೆ. ಆದರೆ ನೀರಿನೊಳಗಿನ ವ್ಯವಹಾರವನ್ನು ಸಾವಕಾಶವಾಗಿ ಪರೀಕ್ಷಿಸಿದರೆ ಅಲ್ಲಿಯೂ ಒಂದು ಕ್ರಮವಿರುವದು ಕಂಡುಬರುತ್ತದೆ. ಯಾವ ಮೀನು ಯಾವ ಋತುವಿನಲ್ಲಿ, ಯಾವ ಸ್ಥಳದಲ್ಲಿ, ಎಷ್ಟು ದೊಡ್ಡ ಪ್ರಾಣಿಯನ್ನು ನುಂಗಬಲ್ಲದೆಂಬದಕ್ಕೆ ನಿಯಮಗಳುಂಟು. ಹರಿಯುವ ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಿದಾಗ ಈ ನಿಯಮಗಳು ನಾಶವಾಗುವದಿಲ್ಲ. ಅವು ನಡೆಯತಕ್ಕ ಸ್ಥಳ, ಕಾಲ ಮತ್ತು ಸಾಮಗ್ರಿಗಳು ಮಾತ್ರ ಬದಲಾಗುತ್ತವೆ.

ಈ ವಿಷಯವು ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ ಕೇವಲ ಕುತೂಹಲದ್ದಲ್ಲ. ಜಲಾಶಯದಲ್ಲಿ, ಕೆರೆಯಲ್ಲಿ, ಕೃಷಿಹೊಂಡದಲ್ಲಿ ಮೀನುಮರಿ ಬಿಡುವದಕ್ಕೆ ಹಣ ವೆಚ್ಚವಾಗುತ್ತದೆ. ಬಿಟ್ಟ ಮರಿಗಳು ಬಲೆಗೆ ಬಾರದೆ ಹೋದಾಗ ಕೆಲವರು ಮರಿಗಳನ್ನು ಮಾರಿದವರನ್ನೂ, ಕೆಲವರು ರಾತ್ರಿ ಬಲೆ ಹಾಕುವವರನ್ನೂ ದೂರುವದುಂಟು. ಅನೇಕ ವೇಳೆ ಅಪರಾಧಿಯು ನೀರಿನೊಳಗೇ ಇರುತ್ತಾನೆ. ಅವನನ್ನು ಔತಣಕ್ಕೆ ಕರೆದವರು ಮಾತ್ರ ದಡದ ಮೇಲಿರುತ್ತಾರೆ. ಅಣೆಕಟ್ಟಿನಿಂದ ಬೇಟೆಮೀನಿನ ಆಹಾರವು ಹೇಗೆ ಬದಲಾಗುವದೆಂಬದನ್ನು ತಿಳಿದವರು ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

೧. ಬೇಟೆಮೀನುಗಳು ಯಾವುವು?

ಅನ್ಯ ಮೀನುಗಳನ್ನು ಮುಖ್ಯ ಆಹಾರವಾಗಿ ತಿನ್ನತಕ್ಕ ಮೀನುಗಳಿಗೆ ಬೇಟೆಮೀನುಗಳೆಂದು ಹೆಸರು. ಕೃಷ್ಣಾ ಕೊಳ್ಳದ ನದಿಗಳಲ್ಲಿ ಇಂಥ ಮೀನುಗಳು ಹಲವು. ಚಪ್ಪಟೆಯಾದ ಉದ್ದ ಶರೀರ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ ಮತ್ತು ಎರಡು ಉದ್ದ ಮೀಸೆಗಳುಳ್ಳ ಬಾಳೆಮೀನು (ವಾಳೆ) ಇವುಗಳಲ್ಲಿ ಅತ್ಯಂತ ಹೊಟ್ಟೆಬಾಕವಾದದ್ದು. ಅದು ಹಗಲು ಮಡುವಿನ ತಳದಲ್ಲಿ ಅಥವಾ ದಂಡೆಯ ಪೊಟರೆಗಳಲ್ಲಿ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ಹಾವಿನಂಥ ತಲೆಯುಳ್ಳ ಮರಲ್ (ಕೊರವ) ಜೊಂಡಿನ ಮರೆಯಲ್ಲಿ ಹೊಂಚುಹಾಕಿ, ಎದುರು ಬಂದ ಮೀನು, ಕಪ್ಪೆ, ಸಿಗಡಿಗಳನ್ನು ಹಿಡಿಯುವದು. ಶಿಂಗಾಲವೆಂಬ ಮೀಸೆಮೀನು ತಳದಲ್ಲಿ ಸಂಚರಿಸುತ್ತ ಮೀನು, ಸಿಗಡಿ, ಹುಳ, ಬಸವನಹುಳುಗಳನ್ನು ತಿನ್ನುವದು. ಚಪ್ಪಲಿ ಮೀನು ಮತ್ತು ಹಾವುಮೀನುಗಳು ಹುಳ, ಸಿಗಡಿಗಳ ಜೊತೆಗೆ ಚಿಕ್ಕ ಮೀನುಗಳನ್ನೂ ಬಿಡುವದಿಲ್ಲ.

ಇಲ್ಲಿ ಎರಡು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ಯಾವ ಬೇಟೆಮೀನೂ ಹುಟ್ಟಿದ ಕೂಡಲೆ ಮೀನನ್ನು ತಿನ್ನಲಾರದು. ಮೊಟ್ಟೆಯೊಡೆದು ಬಂದ ಮರಿಯು ನೀರಿನಲ್ಲಿ ತೇಲುವ ಸೂಕ್ಷ್ಮಜಂತುಗಳನ್ನು ತಿನ್ನುತ್ತದೆ. ಸ್ವಲ್ಪ ಬೆಳೆದ ಮೇಲೆ ಹುಳಗಳನ್ನೂ ಎಳೆಯ ಸಿಗಡಿಗಳನ್ನೂ ಹಿಡಿಯುತ್ತದೆ. ತರುವಾಯವೇ ಮೀನಿನ ಬೇಟೆಗೆ ತೊಡಗುತ್ತದೆ. ಆದ್ದರಿಂದ ಒಂದು ಮರಲ್ ಬೆಳೆದು ದೊಡ್ಡದಾಗಬೇಕಾದರೆ ಆ ನೀರಿನಲ್ಲಿ ಮೂರು ಬಗೆಯ ಉಗ್ರಾಣಗಳು ತುಂಬಿರಬೇಕು. ಎರಡನೆಯದು, ಮೀನು ತನ್ನ ಬಾಯಿಯಲ್ಲಿ ಹಿಡಿಸುವಷ್ಟನ್ನೇ ನುಂಗಬಲ್ಲದು. ಅದು ಹಸುವಿನಂತೆ ಮೆಲ್ಲುವದಿಲ್ಲ, ಇಡಿಯಾಗಿ ನುಂಗುತ್ತದೆ. ಬಾಯಿಗಿಂತ ದೊಡ್ಡದಾದ ಮೀನು ಅದರೆದುರಿಗೆ ನಿರ್ಭಯವಾಗಿ ಈಜಾಡಬಹುದು. ಮೀನುಮರಿ ಬಿಡುವವರಿಗೆ ಈ ಎರಡನೆಯ ನಿಯಮವೇ ಮುಖ್ಯವಾದದ್ದು.

೨. ಕಟ್ಟೆಯಿಲ್ಲದ ನದಿಯಲ್ಲಿ ಆಹಾರದ ಕ್ರಮ

ಸಹ್ಯಾದ್ರಿಯಲ್ಲಿ ಹುಟ್ಟಿದ ನದಿಯು ಕಲ್ಲುಬಂಡೆಗಳ ಮೇಲೆ ಹರಿಯುವಾಗ ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ. ಆ ಪಾಚಿಯನ್ನು ತಿಂದು ಕಲ್ಲಿಗಂಟಿಕೊಂಡ ಹುಳಗಳು ಬದುಕುತ್ತವೆ. ಹುಳಗಳನ್ನೂ ಪಾಚಿಯನ್ನೂ ತಿನ್ನುವ ಚಿಕ್ಕ ಬಿಳಿಮೀನುಗಳು ಹರಿವಿನಲ್ಲಿ ಗುಂಪುಗುಂಪಾಗಿರುತ್ತವೆ. ಈ ಬಿಳಿಮೀನುಗಳೇ ಬಾಳೆ, ಶಿಂಗಾಲಗಳ ನಿತ್ಯದ ಅನ್ನ. ಹೀಗೆ ಕಲ್ಲಿನ ಮೇಲಿನ ಪಾಚಿಯಿಂದ ಬಾಳೆಮೀನಿನವರೆಗೆ ಒಂದೇ ಸರಪಳಿಯಿದೆ.

ಈ ಸರಪಳಿಗೆ ಮಳೆಗಾಲವೇ ಗಡಿಯಾರ. ಮೃಗಶಿರಾ, ಆರಿದ್ರಾ ಮಳೆಗಳಿಂದ ಕೆಂಪುನೀರು ಬಂದ ಕೂಡಲೆ ಬಿಳಿಮೀನುಗಳು ಹೊಳೆಯಿಂದ ಹಳ್ಳಗಳಿಗೆ ಏರಿ, ತಗ್ಗಿನ ಹೊಲಗಳ ಆಳವಿಲ್ಲದ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಮುಳುಗಿದ ಹುಲ್ಲಿನಲ್ಲಿ ಅವುಗಳ ಮರಿಗಳಿಗೆ ಆಹಾರವೂ ಮರೆಯೂ ದೊರೆಯುತ್ತವೆ. ಹಸ್ತಾ, ಚಿತ್ತಾ ಮಳೆಗಳು ಕಳೆದು ಪ್ರವಾಹವು ಇಳಿಯುವಾಗ ಲಕ್ಷಾಂತರ ಮರಿಗಳು ಹಳ್ಳಗಳ ಮೂಲಕ ಹೊಳೆಗೆ ಮರಳುತ್ತವೆ. ಒಕ್ಕಲಿಗನಿಗೆ ಸುಗ್ಗಿ ಬರುವ ದಿನಗಳಲ್ಲಿಯೇ ಬೇಟೆಮೀನಿಗೂ ಸುಗ್ಗಿಯು ಬರುತ್ತದೆ. ಹಳ್ಳದ ಬಾಯಿಯಲ್ಲಿ ಕಾದು ನಿಂತು ಅದು ಕೊಬ್ಬುತ್ತದೆ. ಬೇಸಿಗೆಯಲ್ಲಿ ಹೊಳೆಯು ಬತ್ತಿ ಮಡುಗಳು ಮಾತ್ರ ಉಳಿದಾಗ ತಿನ್ನುವವರೂ ತಿನ್ನಲ್ಪಡುವವರೂ ಒಂದೇ ಮಡುವಿನಲ್ಲಿ ಸೇರುತ್ತಾರೆ. ಆಗ ಸಣ್ಣ ಮೀನು ಕಡಮೆಯಾಗುತ್ತ ಬರುತ್ತದೆ. ಬೇಟೆಮೀನು ಮುಂದಿನ ಮಳೆಯನ್ನೇ ಎದುರುನೋಡುತ್ತಿರುತ್ತದೆ. ವರ್ಷವರ್ಷವೂ ಹೀಗೆ ನಡೆದಾಗ ಎರಡು ಪಕ್ಷಗಳೂ ಉಳಿಯುತ್ತವೆ.

೩. ಘಟಪ್ರಭೆಯ ಕಟ್ಟೆಗಳೂ ಜಲಪಾತವೂ

ಘಟಪ್ರಭೆಯು ಪಶ್ಚಿಮಘಟ್ಟದಲ್ಲಿ ಹುಟ್ಟಿ, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಸೀಮೆಯನ್ನು ಹಾಯ್ದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಇದರ ಮುಖ್ಯ ಉಪನದಿಗಳು.

ಈ ನದಿಯ ಮೇಲಿನ ಹಳೆಯ ಕಟ್ಟೆಯು ಧೂಪದಾಳದ್ದು. ಅದು ೧೯ನೆಯ ಶತಮಾನದ ಕಲ್ಲುಕಟ್ಟಡವಾಗಿದ್ದು, ಅಲ್ಲಿಂದ ಹೊರಟ ಕಾಲುವೆಯು ೧೮೯೭ರಲ್ಲಿ ಮುಗಿಯಿತು. ಅಲ್ಲಿಯ ಆಳವಿಲ್ಲದ ಹಿನ್ನೀರಿನಲ್ಲಿ ಹೂಳು ಸೇರಿ ಜೊಂಡು ಬೆಳೆದಿದೆ. ೧೯೭೪ರಲ್ಲಿ ಆ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಹೊಸ ಕಟ್ಟೆಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನದು. ೧೯೭೭ರಲ್ಲಿ ಪೂರ್ಣವಾದ ಈ ರಾಜಾ ಲಖಮಗೌಡ ಜಲಾಶಯವು ಸುಮಾರು ೫೧ ಟಿ.ಎಂ.ಸಿ. ನೀರನ್ನು ಹಿಡಿಯುವಂಥದು. ಇವಲ್ಲದೆ ನದಿಗುಂಟ ಕೊಲ್ಲಾಪುರ ಮಾದರಿಯ ಬಾಂದಾರಗಳೂ ಕಟ್ಟಲ್ಪಟ್ಟಿವೆ.

ಇಲ್ಲಿ ಒಂದು ವಿಶೇಷವುಂಟು. ಧೂಪದಾಳದ ಕೆಳಗೆ, ಕೊಣ್ಣೂರಿನ ಸಮೀಪದಲ್ಲಿ, ನದಿಯು ಸುಮಾರು ೫೨ ಮೀಟರ್, ಅಂದರೆ ಸುಮಾರು ೧೭೦ ಅಡಿ ಎತ್ತರದಿಂದ ಧುಮುಕಿ ಗೋಕಾಕ ಜಲಪಾತವಾಗಿದೆ. ಮಾರ್ಕಂಡೇಯಕ್ಕೂ ಗೊಡಚಿನಮಲ್ಕಿಯಲ್ಲಿ ಜಲಪಾತವಿದೆ. ಇಷ್ಟೆತ್ತರದ ಬಂಡೆಯನ್ನು ಯಾವ ಮೀನೂ ಏರಲಾರದು. ಆದಕಾರಣ ಕೃಷ್ಣೆಯಿಂದ ಮೇಲೇರಿ ಬರುವ ಮೀನುಗಳಿಗೆ ಅಣೆಕಟ್ಟು ಹುಟ್ಟುವ ಎಷ್ಟೋ ಸಾವಿರ ವರ್ಷಗಳ ಮೊದಲೇ ಪ್ರಕೃತಿಯು ಇಲ್ಲಿ ಗೋಡೆಯನ್ನು ಕಟ್ಟಿದೆ. ಜಲಪಾತದ ಮೇಲಿನ ಹುಕ್ಕೇರಿ ಭಾಗದ ಮೀನುಗಳು ಒಂದು ಸಂಸಾರ, ಕೆಳಗಿನ ಗೋಕಾಕ-ಮೂಡಲಗಿ ಭಾಗದವು ಇನ್ನೊಂದು. ಕೆಳಗೆ ಇಳಿದು ಹೋಗುವದುಂಟು; ಮೇಲೆ ಬರುವದಿಲ್ಲ. ಬೇರೆ ನದಿಗಳಲ್ಲಿ ಅಣೆಕಟ್ಟಿನ ಮೊದಲ ದೋಷವೆಂದರೆ ವಲಸೆಯ ದಾರಿಯನ್ನು ಕಡಿಯುವದು. ಇಲ್ಲಿ ಆ ದೋಷವು ಮುಖ್ಯವಾಗಿ ಮೇಲಿನ ಸಂಸಾರದೊಳಗೇ ನಡೆದಿದೆ. ಹಿಡಕಲ್ ಗೋಡೆಯ ಕೆಳಗಿನ ಮೀನುಗಳಿಗೆ ಘಟ್ಟದ ಕಡೆಯ ಹಳ್ಳಗಳ ದಾರಿಯು ಮುಚ್ಚಿ, ಹಿರಣ್ಯಕೇಶಿಯ ಕಡೆಯ ದಾರಿಯಷ್ಟೇ ಉಳಿದಿದೆ. ಆದ್ದರಿಂದ ಹುಕ್ಕೇರಿಯ ಗ್ರಾಮಸ್ಥರು ಹಿರಣ್ಯಕೇಶಿಗೆ ಸೇರುವ ಹಳ್ಳಗಳನ್ನು ಬಿಳಿಮೀನುಗಳ ತವರುಮನೆಯೆಂದು ತಿಳಿದು ಕಾಯಬೇಕು.

೪. ನೀರು ನಿಂತ ಮೇಲೆ ಆಗುವ ಬದಲಾವಣೆಗಳು

(ಅ) ಮೊದಲ ವರ್ಷಗಳ ಸಮೃದ್ಧಿ. ಹೊಸ ಜಲಾಶಯವು ತುಂಬಿದಾಗ ಹೊಲ, ಹುಲ್ಲುಗಾವಲು, ಮರಗಿಡಗಳು ಮುಳುಗುತ್ತವೆ. ಅವು ಕೊಳೆತು ನೀರಿಗೆ ಗೊಬ್ಬರವಾಗುತ್ತವೆ. ಎರೆಹುಳು, ಇರುವೆ, ಮಿಡತೆಗಳು ನೀರಿನ ಪಾಲಾಗುತ್ತವೆ. ಸೂಕ್ಷ್ಮಜಂತುಗಳೂ ಹುಳಗಳೂ ಸಣ್ಣ ಮೀನುಗಳೂ ವಿಪುಲವಾಗಿ ಹೆಚ್ಚಿ, ಅವುಗಳ ಬೆನ್ನಿಗೆ ಬೇಟೆಮೀನುಗಳೂ ಹೆಚ್ಚುತ್ತವೆ. ಇದನ್ನು ಕಂಡು ಜಲಾಶಯವು ಸದಾ ಹೀಗೆಯೇ ಇರುವದೆಂದು ಎಣಿಸುವದು ತಪ್ಪು. ಹೊಸದಾಗಿ ಕಡಿದ ಕಾಡಿನ ನೆಲವು ಮೊದಲ ಕೆಲವು ಬೆಳೆಗಳನ್ನು ಚೆನ್ನಾಗಿ ಕೊಟ್ಟು ತರುವಾಯ ಬಡವಾಗುವಂತೆಯೇ ಇದೂ ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಹಿಡಕಲ್ಲಿನಲ್ಲಿ ಆ ಕಾಲವು ಎಂದೋ ಮುಗಿದುಹೋಗಿದೆ.

(ಆ) ಸರಪಳಿಯ ಬದಲಾವಣೆ. ಹರಿಯುವ ನೀರಿನ ಕಲ್ಲುಗಳು ಆಳದಲ್ಲಿ ಮುಳುಗಿ ಹೂಳಿನಿಂದ ಮುಚ್ಚುತ್ತವೆ. ಬಿಸಿಲು ತಾಗದ ಕಾರಣ ಅಲ್ಲಿ ಪಾಚಿ ಬೆಳೆಯದು. ಕಲ್ಲಿನ ಹುಳಗಳು ನಾಶವಾಗುತ್ತವೆ. ಅವನ್ನು ತಿನ್ನುತ್ತಿದ್ದ ಹೊಳೆಮೀನುಗಳು ಕಡಮೆಯಾಗುತ್ತವೆ. ಅದಕ್ಕೆ ಬದಲಾಗಿ ನಿಂತ ನೀರಿನ ಮೇಲ್ಭಾಗದಲ್ಲಿ ತೇಲುವ ಸೂಕ್ಷ್ಮಜಂತುಗಳು ಹೆಚ್ಚಿ, ಅವನ್ನು ತಿನ್ನುವ ಬೇರೆ ಜಾತಿಯ ಚಿಕ್ಕ ಮೀನುಗಳು ವಿಸ್ತಾರವಾದ ನೀರಿನಲ್ಲಿ ಗುಂಪುಗಟ್ಟುತ್ತವೆ. ಬೇಟೆಮೀನು ಈಗ ತಳವನ್ನು ಬಿಟ್ಟು ನಡುನೀರಿಗೆ ಹೋಗಿ ಬೇಟೆಯಾಡಬೇಕು. ಹೋಗಬಲ್ಲ ಜಾತಿಗಳು ಬದುಕುತ್ತವೆ. ಹೋಗಲಾರದವು ದಂಡೆಯಲ್ಲಿಯೇ ಉಳಿದು, ಸಿಕ್ಕಿದ ಹುಳ, ಸಿಗಡಿ, ಕಪ್ಪೆಗಳಿಂದ ಹೊಟ್ಟೆ ಹೊರೆಯುತ್ತವೆ.

(ಇ) ನೀರಿನ ಮಟ್ಟದ ಏರಿಳಿತ. ಹಿಡಕಲ್ಲಿನಂಥ ಜಲಾಶಯವು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬಹಳ ಕೆಳಗಿಳಿಯುತ್ತದೆ. ವರ್ಷಕ್ಕೊಮ್ಮೆ ಒಣಗುವ ದಂಡೆಯಲ್ಲಿ ನೀರಗಿಡಗಳು ಬೇರೂರಲಾರವು. ಜೊಂಡಿಲ್ಲದಲ್ಲಿ ಮರಲಿಗೆ ಹೊಂಚು ಹಾಕಲು ಮರೆಯಿಲ್ಲ; ಗೂಡು ಮಾಡಿ ಮರಿಗಳನ್ನು ಕಾಯಲು ಸ್ಥಳವಿಲ್ಲ. ಆಳದಲ್ಲಿ ಅಡಗತಕ್ಕ ಬಾಳೆ, ಶಿಂಗಾಲಗಳಿಗೆ ಇದರಿಂದ ಅಷ್ಟು ತೊಂದರೆಯಾಗದು. ಧೂಪದಾಳದಂಥ ಆಳವಿಲ್ಲದ, ಜೊಂಡುಳ್ಳ ನೀರಾದರೋ ಮರಲಿಗೆ ಅನುಕೂಲವಾದದ್ದು. ಆದರೆ ಅಲ್ಲಿ ನೀರುಕಾಗೆ, ಬಕಗಳೂ ಅದೇ ಸಣ್ಣ ಮೀನಿನಲ್ಲಿ ಪಾಲುದಾರರು. ಒಂದೇ ನದಿಯ ಎರಡು ಕಟ್ಟೆಗಳಿಗೆ ಒಂದೇ ವ್ಯವಸ್ಥೆಯು ಸಲ್ಲದೆಂಬದಕ್ಕೆ ಇದೇ ಸಾಕ್ಷಿ.

(ಈ) ಬೇಸಿಗೆಯ ಇಕ್ಕಟ್ಟು. ಜಲಾಶಯವು ಇಳಿದಂತೆ ಎಲ್ಲ ಮೀನುಗಳೂ ಉಳಿದ ನೀರಿನಲ್ಲಿ ಇಕ್ಕಟ್ಟಾಗಿ ಸೇರುತ್ತವೆ. ಸಣ್ಣ ಮೀನಿಗೆ ಓಡಿಹೋಗಲು ಸ್ಥಳವಿರುವದಿಲ್ಲ. ಈ ತಿಂಗಳುಗಳಲ್ಲಿ ಬೇಟೆಮೀನು ಮೊದಲು ಸುಭಿಕ್ಷವನ್ನು, ತರುವಾಯ ಕ್ಷಾಮವನ್ನು ಕಾಣುತ್ತದೆ. ಕ್ಷಾಮವು ಬಂದಾಗ ಬಾಳೆಮೀನು ತನ್ನ ಜಾತಿಯ ಮರಿಗಳನ್ನೇ ನುಂಗುವದುಂಟು.

(ಉ) ನೀರಿನ ತಿಳಿ. ನಿಂತ ನೀರಿನಲ್ಲಿ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನುಗಳಿಗೆ ಇದು ಲಾಭ. ಕೆಂಪುನೀರಿನ ಮರೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಮರಿಗಳಿಗೆ ನಷ್ಟ. ಮೀಸೆಯ ಸ್ಪರ್ಶದಿಂದ ಬೇಟೆಯನ್ನು ಹುಡುಕುವ ಮೀನುಗಳಿಗೆ ತಿಳಿಯೂ ಕದಡೂ ಹೆಚ್ಚು ಕಡಮೆ ಸಮಾನ.

೫. ಅನ್ಯ ಜಲಾಶಯಗಳ ದೃಷ್ಟಾಂತಗಳು

ಮೇಲೆ ಹೇಳಿದ್ದು ಕೇವಲ ಊಹೆಯಲ್ಲವೆಂಬದಕ್ಕೆ ಎರಡು ದೊಡ್ಡ ನಿದರ್ಶನಗಳಿವೆ. ಆಫ್ರಿಕಾ ಖಂಡದ ಘಾನಾ ದೇಶದಲ್ಲಿ ವೋಲ್ಟಾ ನದಿಗೆ ಕಟ್ಟಿದ ಅಕೊಸೊಂಬೊ ಅಣೆಕಟ್ಟಿನ ಹಿಂದೆ ೧೯೬೪ರಿಂದ ನೀರು ನಿಂತು ವಿಶಾಲವಾದ ಕಾಡು ಮುಳುಗಿತು. ಮುಳುಗಿದ ಮರಗಳ ಕಾಂಡಗಳಲ್ಲಿ ರಂಧ್ರ ಕೊರೆದು ವಾಸಿಸುವ ಒಂದು ಜಾತಿಯ ಹುಳವು ಅಪಾರವಾಗಿ ಹೆಚ್ಚಿ, ಅನೇಕ ಮೀನುಗಳಿಗೆ ಮುಖ್ಯ ಆಹಾರವಾಯಿತು. ನದಿಯಲ್ಲಿ ಎಂದೂ ದೊರೆಯದಿದ್ದ ಅನ್ನವನ್ನು ಸತ್ತ ಮರವು ಬಡಿಸಿತು. ಆದರೆ ಮರವು ಕೊಳೆತು ಬೀಳುವವರೆಗೆ ಮಾತ್ರ ಅಂಥ ಊಟ.

ಎರಡನೆಯದು ಝಾಂಬೆಝಿ ನದಿಯ ಕರೀಬಾ. ಈಗಿನ ಝಾಂಬಿಯಾ ಮತ್ತು ಝಿಂಬಾಬ್ವೆ ದೇಶಗಳ ನಡುವೆ ೧೯೫೮ರ ಡಿಸೆಂಬರ ತಿಂಗಳಲ್ಲಿ ಆ ನದಿಯ ಹರಿವನ್ನು ತಡೆಯಲಾಯಿತು. ಅಲ್ಲಿಯ ಉಗ್ರವಾದ ಬೇಟೆಮೀನಿಗೆ ಹುಲಿಮೀನೆಂದು ಹೆಸರು. ಮೊದಲು ಅದು ದಂಡೆಯ ಸಮೀಪದ ಮೀನುಗಳನ್ನು ತಿನ್ನುತ್ತಿತ್ತು. ನಡುನೀರು ಬಹುಮಟ್ಟಿಗೆ ಬರಿದಾಗಿತ್ತು. ೧೯೬೭-೬೮ರಲ್ಲಿ ಟಾಂಗಾನಿಕಾ ಸರೋವರದಿಂದ ಕಪೆಂಟಾ ಎಂಬ ಬೆರಳುದ್ದದ ಮೀನನ್ನು ತಂದು ಅಲ್ಲಿ ಬಿಟ್ಟರು. ಅದು ನಡುನೀರಿನ ಸೂಕ್ಷ್ಮಜಂತುಗಳನ್ನು ತಿಂದು ಹೆಚ್ಚಿತು. ಕೆಲವೇ ವರ್ಷಗಳಲ್ಲಿ ಹುಲಿಮೀನಿನ ಹೊಟ್ಟೆಯಲ್ಲಿ ಕಪೆಂಟಾ ಮುಖ್ಯ ಆಹಾರವಾಗಿ ಕಾಣತೊಡಗಿತು. ಬೇಟೆಮೀನು ತನ್ನ ಹಳೆಯ ರುಚಿಗೆ ಅಂಟಿಕೊಂಡು ಕುಳಿತುಕೊಳ್ಳುವದಿಲ್ಲ. ಯಾವದು ಹೇರಳವಾಗಿ, ಬಾಯಿಗೆ ಹಿಡಿಸುವ ಅಳತೆಯಲ್ಲಿ ದೊರೆಯುವದೋ ಅದನ್ನೇ ತಿನ್ನುತ್ತದೆಂಬದು ಇದರಿಂದ ಸ್ಪಷ್ಟವಾಗುವದು.

ಕರ್ನಾಟಕದೊಳಗೆ ೧೯೫೩ರಲ್ಲಿ ಕಾರ್ಯಾರಂಭವಾದ ತುಂಗಭದ್ರಾ ಜಲಾಶಯದಲ್ಲಿಯೂ ಕಾಲಕ್ರಮದಲ್ಲಿ ಹೊಳೆಯ ಹಳೆಯ ಜಾತಿಯ ಸಾಧು ಮೀನುಗಳು ಕಡಮೆಯಾಗಿ, ಮೀಸೆಯುಳ್ಳ ಬೇಟೆಮೀನುಗಳ ಪಾಲು ಹೆಚ್ಚಾಗಿ ಕಂಡುಬಂದಿತು.

ಕರೀಬಾದ ಕಥೆಯನ್ನೋದಿ ಯಾರೂ ಪರದೇಶದ ಮೀನನ್ನು ತಂದು ಬಿಡುವ ಸಾಹಸವನ್ನು ಮಾಡಕೂಡದು. ೧೯೫೨ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಮೀನು ವರ್ಷದಲ್ಲಿ ಹಲವು ಸಲ ಮರಿ ಹಾಕಿ ಅನೇಕ ಕೆರೆಗಳನ್ನು ತುಂಬಿಬಿಟ್ಟಿದೆ. ಅದರ ಮರಿಗಳು ಮರಲಿಗೆ ಆಹಾರವಾಗುವದು ನಿಜ. ಆದರೆ ಅವು ಕಾಟ್ಲಾ, ರೋಹು ಮೀನುಗಳ ಆಹಾರದಲ್ಲಿಯೂ ಸ್ಥಳದಲ್ಲಿಯೂ ಪಾಲು ಕೇಳುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಹೊಟ್ಟೆಬಾಕ ಮೀನನ್ನು ಸಾಕುವದು ಭಾರತದಲ್ಲಿ ನಿಷಿದ್ಧ. ಅದು ಒಂದು ಹೊಂಡದಿಂದ ತಪ್ಪಿಸಿಕೊಂಡರೆ ಕಾಲುವೆಯ ಮೂಲಕ ಇಡೀ ಸೀಮೆಗೆ ಹರಡಬಲ್ಲದು.

೬. ಅಣೆಕಟ್ಟಿನ ಕೆಳಗಿನ ಹೊಳೆ

ಗೋಕಾಕ, ಮೂಡಲಗಿ ತಾಲೂಕುಗಳ ತೀರದ ಗ್ರಾಮಗಳು, ಸುಣಧೋಳಿ, ಅವರಾದಿ, ಢವಳೇಶ್ವರ ಮೊದಲಾದವು, ಅಣೆಕಟ್ಟಿನ ಕೆಳಗಿನವು. ಅಲ್ಲಿ ಹೊಳೆಯ ಗಡಿಯಾರವನ್ನು ಮಳೆಯೊಂದೇ ನಡೆಸುವದಿಲ್ಲ. ಜಲಾಶಯದ ಬಾಗಿಲುಗಳೂ ನಡೆಸುತ್ತವೆ. ಮೊದಲ ಮಳೆಯ ನೀರು ಜಲಾಶಯವನ್ನು ತುಂಬುವದರಲ್ಲಿ ಕಳೆಯುವದರಿಂದ ಕೆಳಗೆ ಕೆಂಪುನೀರು ತಡವಾಗಿ ಬರುತ್ತದೆ. ಬಿಳಿಮೀನುಗಳಿಗೆ ಹಳ್ಳವೇರುವ ಸೂಚನೆಯು ತಪ್ಪಿದರೆ ಆ ವರ್ಷದ ಮರಿಗಳು ಕಡಮೆ. ಮರಿಗಳು ಕಡಮೆಯಾದರೆ ಸುಗ್ಗಿಯ ಕಾಲದಲ್ಲಿ ಬೇಟೆಮೀನಿಗೆ ಉಪವಾಸ. ಮತ್ತೊಂದು ವರ್ಷ ಬಾಗಿಲುಗಳನ್ನು ತೆರೆದಾಗ ಒಮ್ಮೆಲೇ ಮಹಾಪೂರ ಬರುತ್ತದೆ. ೨೦೧೯ರ ಆಗಸ್ಟದಲ್ಲಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಪೂರದಿಂದ ಮನೆ, ಬೆಳೆಗಳಿಗೆ ಹಾನಿಯಾದರೂ ಹೊಳೆ, ಹಳ್ಳ, ತಗ್ಗುಗಳು ಒಂದಾಗಿ ಮೀನುಗಳು ಎಲ್ಲೆಡೆ ಹರಡುತ್ತವೆ. ಬೇಟೆಮೀನುಗಳೂ ಕೆರೆ, ಹೊಂಡಗಳನ್ನು ಸೇರುತ್ತವೆ. ಪೂರ ಹೊಕ್ಕ ಕೆರೆಯಲ್ಲಿ ಶೋಧಿಸದೆ ಮರಿ ಬಿಡಕೂಡದು.

ಕಟ್ಟೆಯ ಮೇಲಿಂದ ಬಿದ್ದ ನೀರಿನ ಜೊತೆಗೆ ಸಣ್ಣ ಮೀನುಗಳು ತತ್ತರಿಸಿ ಕೆಳಗೆ ಬೀಳುತ್ತವೆ. ಕಟ್ಟೆಯ ಬುಡದಲ್ಲಿ ಬೇಟೆಮೀನುಗಳು ಸೇರುವದಕ್ಕೆ ಇದೇ ಕಾರಣ. ಅನುಭವಿಗಳಾದ ಅಂಬಿಗರು ಇದನ್ನು ಚೆನ್ನಾಗಿ ಬಲ್ಲರು. ಬಾಂದಾರಗಳಿಗೆ ಹಲಗೆ ಹಾಕಿದ ಮೇಲೆ ಹೊಳೆಯು ಒಂದರ ಕೆಳಗೊಂದು ಕೆರೆಗಳ ಸಾಲಾಗುತ್ತದೆ. ಪ್ರತಿಯೊಂದು ಸಾಲಿನಲ್ಲಿ ಎಷ್ಟು ಸಣ್ಣ ಮೀನು ಉಳಿಯಿತೋ ಅಷ್ಟೇ ಆ ಸಾಲಿನ ಬೇಟೆಮೀನಿನ ಬೇಸಿಗೆಯ ಬುತ್ತಿ. ಇಂಥ ಸಮಯದಲ್ಲಿ ಯಾರಾದರೂ ಸೊಳ್ಳೆಪರದೆಯಂಥ ಬಲೆಯಿಂದ ಸಣ್ಣ ಮೀನನ್ನೆಲ್ಲ ಬಾಚಿದರೆ, ಅಥವಾ ಬೆಳೆಗೆ ಹೊಡೆದ ವಿಷದ ಡಬ್ಬಿಗಳನ್ನು ಹೊಳೆಯಲ್ಲಿ ತೊಳೆದರೆ, ಬೆಲೆಯುಳ್ಳ ಮರಲ್, ಬಾಳೆಗಳೂ ಕೆಲಕಾಲದಲ್ಲಿ ಬಡಕಲಾಗುತ್ತವೆ. ಸಣ್ಣ ಮೀನನ್ನು ಕೊಂದವನು ದೊಡ್ಡ ಮೀನನ್ನೂ ಕೊಂದಂತೆಯೇ ಸರಿ.

೭. ಮೀನುಮರಿ ಬಿಡುವವರಿಗೆ ಲೆಕ್ಕ

ಬೇಟೆಮೀನು ಒಂದು ಕಿಲೋಗ್ರಾಮು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಏಳು ಕಿಲೋಗ್ರಾಮು ಸಣ್ಣ ಮೀನು ಬೇಕಾಗುತ್ತದೆ. ಲೆಕ್ಕಕ್ಕಾಗಿ ಐದು ಕಿಲೋಗ್ರಾಮು ಎಂದು ಹಿಡಿಯಲಾಗಲಿ. ಕೆರೆಯಲ್ಲಿ ಬೇರೆ ಸಣ್ಣ ಮೀನಿಲ್ಲದೆ, ಒಂದೊಂದು ಗ್ರಾಮು ತೂಗುವ ಮರಿಗಳನ್ನೇ ಅದು ತಿನ್ನಬೇಕಾಗಿ ಬಂದರೆ, ಒಂದು ಬಾಳೆಮೀನು ಒಂದು ಕಿಲೋಗ್ರಾಮು ಬೆಳೆಯುವಷ್ಟರಲ್ಲಿ ಐದು ಸಾವಿರ ಮರಿಗಳು ಮಾಯವಾಗುತ್ತವೆ. ಅಂಥ ಇಪ್ಪತ್ತು ಬಾಳೆಮೀನುಗಳಿದ್ದರೆ ಒಂದು ಲಕ್ಷ ಮರಿಗಳ ಲೆಕ್ಕವು ಮುಗಿಯಿತು. ಸಂಘದವರು ಮರಿ ಮಾರಿದವರ ಮೇಲೆ ಜಗಳ ತೆಗೆಯುವ ಮೊದಲು ಈ ಗಣಿತವನ್ನು ಮಾಡಿ ನೋಡತಕ್ಕದ್ದು.

ಇದಕ್ಕೆ ಪರಿಹಾರವೆಂದರೆ ಬಾಯಿಯ ನಿಯಮ. ಮರಿಯು ನಾಲ್ಕು ಅಂಗುಲ, ಅಂದರೆ ಸುಮಾರು ಹತ್ತು ಸೆಂಟಿಮೀಟರು ಉದ್ದಕ್ಕೆ ಬಂದ ಮೇಲೆ ಬಿಟ್ಟರೆ ಮಧ್ಯಮ ಗಾತ್ರದ ಬೇಟೆಮೀನುಗಳಲ್ಲಿ ಬಹುಪಾಲಿನ ಬಾಯಿಗೆ ಅದು ಹಿಡಿಸಲಾರದು. ಕಾಟ್ಲಾದ ಶರೀರವು ಅಗಲವಾದ್ದರಿಂದ ಅದು ಇನ್ನೂ ಬೇಗ ಅಪಾಯವನ್ನು ದಾಟುತ್ತದೆ. ಒಂದು ಲಕ್ಷ ಚಿಕ್ಕ ಮರಿಗಳಿಗಿಂತ ಹತ್ತು ಸಾವಿರ ಬೆಳೆದ ಮರಿಗಳು ಲಾಭಕರವಾಗುವದು ಈ ಕಾರಣದಿಂದಲೇ.

ಮರಿಗಳನ್ನು ನಾಲ್ಕು ಅಂಗುಲಕ್ಕೆ ಬೆಳೆಸುವ ಕೆಲಸವನ್ನು ಭೂಮಾಲೀಕರು ತಮ್ಮ ಕೃಷಿಹೊಂಡಗಳಲ್ಲಿ ಮಾಡಬಹುದು. ಇದರಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿಗಳು:

೧) ಬೇಸಿಗೆಯಲ್ಲಿ ಹೊಂಡವನ್ನು ಬತ್ತಿಸಿ, ತಳದ ಮಣ್ಣು ಬಿರಿಯುವವರೆಗೆ ಒಣಗಿಸಬೇಕು. ಮರಲ್ ಹೊರಗಿನ ಗಾಳಿಯನ್ನು ಉಸಿರಾಡಬಲ್ಲದಾದ್ದರಿಂದ ಹಸಿಗೆಸರಿನಲ್ಲಿ ಬದುಕಿರುತ್ತದೆ. ಮೇಲೆ ಒಣಗಿದಂತೆ ಕಂಡರೆ ಸಾಲದು.

೨) ಬತ್ತಿಸಲಾಗದ ಹೊಂಡವಿದ್ದರೆ ಹಿಪ್ಪೆಹಿಂಡಿಯನ್ನು ಮೀನುಗಾರಿಕೆ ಇಲಾಖೆಯವರು ಹೇಳಿದ ಪ್ರಮಾಣದಲ್ಲಿ ಹಾಕಿ ಬೇಟೆಮೀನುಗಳನ್ನು ತೆಗೆಯಬಹುದು. ಇದನ್ನು ಸ್ವಂತ ಹೊಂಡದಲ್ಲಲ್ಲದೆ ಹೊಳೆಯಲ್ಲಾಗಲಿ, ಕಾಲುವೆಯಲ್ಲಾಗಲಿ ಎಂದೂ ಮಾಡಕೂಡದು.

೩) ಕಾಲುವೆಯ ನೀರಿನಲ್ಲಿ ಬೇಟೆಮೀನಿನ ಮರಿಗಳು ತೇಲಿ ಬರುತ್ತವೆ. ಆದ್ದರಿಂದ ನೀರು ಹೊಗುವ ಬಾಯಿಗೆ ಒತ್ತಾದ ಜಾಳಿಗೆಯನ್ನು ಕಟ್ಟಿ, ದಿನವೂ ಕಸ ತೆಗೆಯಬೇಕು.

೪) ಎರಡು ಮೂರು ತಿಂಗಳು ಬೆಳೆದ ಮರಿಗಳನ್ನು ಮಳೆಗಾಲದ ಕೊನೆಗೆ, ಜಲಾಶಯವು ತುಂಬಿ ಕೋಡಿ ಹರಿಯುವದು ನಿಂತ ಮೇಲೆ ಬಿಡಬೇಕು. ಆಗ ನೀರು ವಿಸ್ತಾರವಾಗಿದ್ದು ಬೇಟೆಮೀನುಗಳು ಚದುರಿರುತ್ತವೆ. ಬೇಸಿಗೆಯ ಇಕ್ಕಟ್ಟಿನಲ್ಲಿ ಮರಿ ಬಿಡುವದು ಕೋಳಿಮರಿಗಳನ್ನು ನರಿಯ ಗುಹೆಯ ಬಾಗಿಲಲ್ಲಿ ಬಿಟ್ಟಂತೆ.

೫) ಎಲ್ಲ ಮರಿಗಳನ್ನೂ ಒಂದೇ ಸ್ಥಳದಲ್ಲಿ ಸುರಿಯದೆ, ಆಳವಿಲ್ಲದ ಹಲವು ಕೊಲ್ಲಿಗಳಲ್ಲಿ ತಂಪು ಹೊತ್ತಿನಲ್ಲಿ ಹಂಚಿ ಬಿಡಬೇಕು. ಕಟ್ಟೆಯ ಬುಡ ಮತ್ತು ಆಳವಾದ ಮಡುಗಳನ್ನು ಬಿಡತಕ್ಕದ್ದು.

೮. ಹೊಟ್ಟೆಯ ಪರೀಕ್ಷೆ

ತಮ್ಮೂರಿನ ನೀರಿನಲ್ಲಿ ಬೇಟೆಮೀನು ಏನನ್ನು ತಿನ್ನುವದೆಂಬದನ್ನು ತಿಳಿಯಲು ದೊಡ್ಡ ಪ್ರಯೋಗಶಾಲೆಯು ಬೇಕಿಲ್ಲ. ಮೀನನ್ನು ಹೆಚ್ಚುವಾಗ ಹೊಟ್ಟೆಯನ್ನು ಸೀಳಿ ನೋಡಿದರೆ ಸಾಕು. ಶಾಲೆಯ ಒಬ್ಬ ಉಪಾಧ್ಯಾಯನೋ, ಸಂಘದ ಕಾರ್ಯದರ್ಶಿಯೋ ತಿಂಗಳಿಗೆ ಇಪ್ಪತ್ತು ಮೀನುಗಳ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡಬೇಕು: ತಾರೀಖು, ಸ್ಥಳ, ಮೀನಿನ ಜಾತಿ, ಉದ್ದ, ಮತ್ತು ಹೊಟ್ಟೆಯಲ್ಲಿ ದೊರೆತದ್ದು. ದೊರೆತದ್ದನ್ನು ಐದು ಬಗೆಯಾಗಿ ಗುರುತಿಸಿದರೆ ಸಾಕು: ಬರಿದು, ಹುಳ, ಸಿಗಡಿ, ಕಾಡುಮೀನು, ಬಿತ್ತನೆಯ ಮರಿ. ಮೀನು ಅರ್ಧ ಜೀರ್ಣವಾಗಿದ್ದರೂ ಬೆನ್ನೆಲುಬು, ಹುರುಪೆಗಳು ಉಳಿದಿರುತ್ತವೆ. ರೋಹು, ಕಾಟ್ಲಾ ಮೊದಲಾದ ಗೆಂಡೆಜಾತಿಯ ಮೀನುಗಳ ಗಂಟಲೊಳಗಿನ ಹಲ್ಲುಗಳೂ ಬೇಗ ಕರಗುವದಿಲ್ಲ.

ಈ ವಹಿಯನ್ನು ಓದುವ ಕ್ರಮ ಹೀಗೆ. ಬರಿದಾದ ಹೊಟ್ಟೆಗಳು ಕೆಲವು ಇದ್ದರೆ ಗಾಬರಿಯಾಗಬೇಕಿಲ್ಲ. ಬೇಟೆಮೀನು ಒಮ್ಮೆ ದೊಡ್ಡ ತುತ್ತನ್ನು ನುಂಗಿ ಬಹಳ ಹೊತ್ತು ಸುಮ್ಮನಿರುತ್ತದೆ. ಬಲೆಗೆ ಸಿಕ್ಕಾಗ ತಿಂದದ್ದನ್ನು ಕಾರುವದೂ ಉಂಟು. ದೊಡ್ಡ ಬಾಳೆಮೀನಿನ ಹೊಟ್ಟೆಯಲ್ಲಿ ಮೀನಿಗೆ ಬದಲು ಹುಳ, ಸಿಗಡಿಗಳೇ ದೊರೆತರೆ ಆ ನೀರಿನಲ್ಲಿ ಸಣ್ಣ ಮೀನು ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು. ತನ್ನ ಜಾತಿಯ ಮರಿಗಳೇ ದೊರೆತರೆ ಅದು ಕ್ಷಾಮದ ಲಕ್ಷಣ. ಬಿತ್ತನೆಯ ಮರಿಗಳು ದೊರೆತರೆ ಸಂಘವು ಚಿಕ್ಕ ಮರಿಗಳನ್ನು ಬಿಟ್ಟಿದೆ, ಅಥವಾ ಕಾಲ ತಪ್ಪಿ ಬಿಟ್ಟಿದೆ. ಎರಡು ವರ್ಷಗಳ ಇಂಥ ವಹಿಯು ಮುಂದಿನ ಮರಿಖರೀದಿಗೆ ಉತ್ತಮವಾದ ಮಾರ್ಗದರ್ಶಿಯಾಗುವದು. ಅದನ್ನು ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೂ ತೋರಿಸತಕ್ಕದ್ದು.

೯. ಗ್ರಾಮಪ್ರಮುಖರ ಕರ್ತವ್ಯ

ಬೇಟೆಮೀನನ್ನು ಶತ್ರುವೆಂದು ತಿಳಿದು ನಿರ್ಮೂಲ ಮಾಡಬೇಕೆಂಬ ವಿಚಾರವು ಸರಿಯಲ್ಲ. ಪೇಟೆಯಲ್ಲಿ ಮರಲಿಗೆ ಒಳ್ಳೆಯ ಬೆಲೆಯುಂಟು. ಹೊಳೆಯನ್ನೇ ನಂಬಿದ ಅಂಬಿಗರ, ಬೆಸ್ತರ ಮನೆಗಳಿಗೆ ಬಾಳೆ, ಶಿಂಗಾಲಗಳೇ ಆಧಾರ. ಬೆಲೆಯಿಲ್ಲದ ಸಣ್ಣ ಮೀನನ್ನು ಬೆಲೆಯುಳ್ಳ ಮಾಂಸವನ್ನಾಗಿ ಮಾಡತಕ್ಕದ್ದು ಬೇಟೆಮೀನೇ. ಸಾಕಣೆಯ ಹೊಂಡದಲ್ಲಿ ಅದು ಕಳ್ಳ. ಹೊಳೆಯಲ್ಲಿ ಅದು ಒಕ್ಕಲು. ಈ ಭೇದವನ್ನು ತಿಳಿದು ನಡೆಯಬೇಕು.

ಆದ್ದರಿಂದ ತೀರದ ಪ್ರತಿಯೊಂದು ಗ್ರಾಮದಲ್ಲಿಯೂ ಕೆಳಗಿನ ಏರ್ಪಾಡುಗಳು ಇರತಕ್ಕದ್ದು. ಬೇಸಿಗೆಯಲ್ಲಿ ಬತ್ತದ ಒಂದು ಮಡುವನ್ನಾದರೂ ಊರಿನವರು ಒಮ್ಮತದಿಂದ ಬಲೆ ಹಾಕದೆ ಕಾಯಬೇಕು. ಮುಂದಿನ ಮಳೆಗೆ ಬೀಜವು ಅಲ್ಲಿಂದಲೇ ಬರತಕ್ಕದ್ದು. ಮೊದಲ ಮಳೆಯಲ್ಲಿ ಹಳ್ಳವೇರುವ ಮೀನುಗಳನ್ನು ಹಳ್ಳದ ಬಾಯಿಗೆ ತಡೆಯೊಡ್ಡಿ ಹಿಡಿಯುವದನ್ನು ನಿಲ್ಲಿಸಬೇಕು. ಹಳ್ಳಗಳನ್ನು ಒತ್ತಿ ಕಬ್ಬು ಹಚ್ಚುವ ಭೂಮಾಲೀಕರು ಕೆಲವು ಗುಂಟೆ ನೆಲವನ್ನು ಗಳಿಸಿ ಇಡೀ ಊರಿನ ಮೀನಿನ ತೊಟ್ಟಿಲನ್ನು ಕಳೆಯುತ್ತಾರೆಂಬದನ್ನು ತಿಳಿಯಬೇಕು. ಸಿಡಿಮದ್ದು, ವಿಷಗಳಿಂದ ಮೀನು ಹಿಡಿಯುವದು ೧೮೯೭ರ ಭಾರತೀಯ ಮೀನುಗಾರಿಕಾ ಕಾಯಿದೆಯ ಕಾಲದಿಂದಲೂ ಅಪರಾಧವಾಗಿದೆ. ಅಂಥವರನ್ನು ಗ್ರಾಮದ ಹಿರಿಯರು ದಾಕ್ಷಿಣ್ಯಕ್ಕೆ ಬಿಡಕೂಡದು. ಕೆರೆಯನ್ನು ಲಾವಣಿಗೆ ಕೊಡುವಾಗ ಬಲೆಯ ಕಣ್ಣಿನ ಅಳತೆಯನ್ನೂ, ಬಿಡತಕ್ಕ ಮರಿಯ ಉದ್ದವನ್ನೂ ಕರಾರಿನಲ್ಲಿ ಬರೆಯಿಸಬೇಕು.

ಸಾರಾಂಶವಿಷ್ಟು: ಅಣೆಕಟ್ಟು ಬೇಟೆಮೀನಿನ ಹಸಿವೆಯನ್ನು ಕಡಮೆ ಮಾಡುವದಿಲ್ಲ, ಅದರ ಪಾತ್ರೆಯನ್ನು ಮಾತ್ರ ಬದಲಿಸುತ್ತದೆ. ಹರಿವಿನ ಹುಳ ಮತ್ತು ಬಿಳಿಮೀನುಗಳ ಸ್ಥಾನದಲ್ಲಿ ನಿಂತ ನೀರಿನ ಚಿಕ್ಕ ಮೀನುಗಳು ಬಂದಿವೆ; ಮಳೆಯ ಸುಗ್ಗಿಯ ಸ್ಥಾನದಲ್ಲಿ ಬಾಗಿಲಿನ ನೀರಿನ ಏರಿಳಿತವು ಬಂದಿದೆ. ಈ ಪಾತ್ರೆಯಲ್ಲಿ ಕಾಡಿನ ಸಣ್ಣ ಮೀನು ತುಂಬಿರುವಂತೆ ನೋಡಿಕೊಂಡ ಊರಿನಲ್ಲಿ ಮರಲೂ ಉಳಿಯುವದು, ರೋಹುವೂ ಬೆಳೆಯುವದು. ಅದು ಬರಿದಾದ ಊರಿನಲ್ಲಿ ಸಂಘದ ಹಣದಿಂದ ಕೊಂಡ ಮರಿಗಳೇ ಅದನ್ನು ತುಂಬಬೇಕಾಗುವದು.